ಬೆಂಕಿಕೊಳವೆಯ ತೂಕ

ಬೆಂಕಿಕೊಳವೆಯನ್ನು ಯಾರೂ ತಮ್ಮ ಯಂತ್ರಕ್ಕೆ ಕಟ್ಟಿಕೊಳ್ಳುತ್ತಿರಲಿಲ್ಲ. ಆಟದ ಪುಸ್ತಕದಲ್ಲಿ ಅದಕ್ಕೂ ಒಂದು ಚಿತ್ರವಿತ್ತು, ತೂಕ ಒಂದು ಟನ್ ಎಂದು ಬರೆದಿತ್ತು. ಆದರೆ ಬಾಲಿಗಂಜ್‌ನ ಆ ಮೂರನೇ ಮಹಡಿಯಲ್ಲಿ ಭಾನುವಾರ ಸೇರುತ್ತಿದ್ದ ನಾಲ್ವರಲ್ಲಿ ಮೂವರು ಅದನ್ನು ಹೇರ್ ಡ್ರೈಯರ್ ಎಂದೇ ಕರೆಯುತ್ತಿದ್ದರು. ನಾಲ್ಕನೆಯವಳು ಪದ್ಮಿನಿ. ಇವತ್ತು ಅವಳ ಯಂತ್ರದ ಎರಡೂ ತೋಳುಗಳಲ್ಲಿ ಬೆಂಕಿಕೊಳವೆಗಳಿದ್ದವು.

ಆಟ ನಡೆಯುವುದು ಆರು ಮೂಲೆಯ ಮನೆಗಳಿರುವ ಒಂದು ದೊಡ್ಡ ಹಾಳೆಯ ಮೇಲೆ, ಹೆಬ್ಬೆರಳೆತ್ತರದ ಯುದ್ಧಯಂತ್ರಗಳಿಂದ. ಸರದಿ ಬಂದಾಗ ಯಂತ್ರ ನಡೆಸಬೇಕು, ಯಾವ ತೋಪು ಹಾರಿಸುತ್ತೇನೆಂದು ಬಾಯಿಬಿಟ್ಟು ಹೇಳಬೇಕು. ಹಾರಿಸಿದಷ್ಟೂ ಸ್ವಂತ ಯಂತ್ರವೇ ಬಿಸಿಯೇರುತ್ತದೆ. ಪ್ರತಿ ಯಂತ್ರಕ್ಕೂ ಒಂದು ಕಾವಿನ ಪಟ್ಟಿ, ಅದರ ಮೇಲೆ ಒಂದು ಕೆಂಪು ಮಣಿ. ಹೇಳಿದ ತೋಪಿನಿಂದ ಮಣಿ ಅಪಾಯದ ಗೆರೆ ದಾಟುವಂತಿದ್ದರೆ ಹಾರಿಸುವ ಮೊದಲು ಎರಡು ದಾಳ ಉರುಳಿಸಬೇಕು. ದಾಳ ಕೈಕೊಟ್ಟರೆ ಎಂಜಿನ್ ಆರಿಹೋಗುತ್ತದೆ. ಗುಂಡು ಹಾರುವುದಿಲ್ಲ, ಯಂತ್ರ ಒಂದು ಸುತ್ತು ಪೂರ್ತಿ ಕಂಬದ ಹಾಗೆ ನಿಂತು ಹೊಡೆತ ತಿನ್ನುತ್ತದೆ. ಬೆಂಕಿಕೊಳವೆಯಿಂದ ಎದುರಾಳಿಯ ಕವಚಕ್ಕೆ ಗೀರು ಬಿದ್ದರೆ ಹೆಚ್ಚು. ಅದು ಅವನ ಮಣಿಯನ್ನು ಮೇಲಕ್ಕೆ ತಳ್ಳುತ್ತದೆ, ಅಷ್ಟೇ.

ಮನೆ ಜಯತೀರ್ಥ ಮತ್ತು ಲೀಲಾ ದಂಪತಿಯದು. ಇಬ್ಬರೂ ಧಾರವಾಡದ ಕಡೆಯವರು. ಜಯತೀರ್ಥ ಹೌರಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್, ಲೀಲಾ ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಈ ಬಂಗಾಳಿ ಊರಿನ ರೂಢಿಯಂತೆ, ಅಣ್ಣ, ಅಕ್ಕ ಎನ್ನುವ ಹಾಗೆ, ಕಿರಿಯರ ಬಾಯಲ್ಲಿ ಅವರು ಜಯದಾ, ಲೀಲಾದಿ. ಪುಣೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಪಂದ್ಯಕ್ಕೆ ತಂಡದಲ್ಲಿ ಮೂವರೇ ಇರಬೇಕು. ಗಂಡ ಹೆಂಡತಿಯ ಜಾಗ ಖಚಿತ. ಮೂರನೆಯದು ಸಾಲ್ಟ್ ಲೇಕ್‌ನ ಸಾಫ್ಟ್‌ವೇರ್ ಕಚೇರಿಯ ಧ್ರುವನದು. ಪದ್ಮಿನಿ ಕಳೆದ ಎರಡು ವರ್ಷವೂ ಮೀಸಲು ಆಟಗಾರ್ತಿಯಾಗಿ ಪುಣೆಗೆ ಹೋಗಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬೇರೆಯವರ ಅಂಕ ಬರೆದು, ಒಂದು ದಾಳವನ್ನೂ ಮುಟ್ಟದೆ ಬಂದಿದ್ದಳು. ಮೂರನೇ ಸಲ ಹಾಗೆ ಹೋಗಲಾರೆ ಎಂದು ಅವಳು ಹೇಳಿಬಿಟ್ಟಿದ್ದಳು. ಹೆಸರು ಕಳಿಸಲು ಇವತ್ತು ಸಂಜೆಯೇ ಕೊನೆ.

ಜಯತೀರ್ಥರ ಷರತ್ತು ಕಳೆದ ವಾರವೇ ಬಂದಿತ್ತು. "ಆ ಪೈಪ್ ಹಿಡ್ಕೊಂಡು ಧ್ರುವನ್ನ ಗೆದ್ದು ತೋರ್ಸು, ತಂಗಿ. ಸೀಟು ನಿಂದು. ಸೋತಿ ಅಂದ್ರ ಮತ್ತ ಹೇರ್ ಡ್ರೈಯರ್ ಸುದ್ದಿ ತಗೀಬ್ಯಾಡ."

ಜಗಳದ ಬೇರು ಧ್ರುವನ ಲೆಕ್ಕದಲ್ಲಿತ್ತು. ಪ್ರತಿ ಆಯುಧ ಒಂದು ಟನ್ ತೂಕಕ್ಕೆ ಎಷ್ಟು ಪೆಟ್ಟು ಕೊಡುತ್ತದೆಂದು ಅವನು ತಮ್ಮ ಆಟಗಳಿಂದಲೇ ಅಂದಾಜು ಕಟ್ಟಿದ್ದ. ಬೆಂಕಿಕೊಳವೆ ಎಲ್ಲಕ್ಕಿಂತ ಕೆಳಗಿತ್ತು, ಅದರ ಮೇಲಿನದಕ್ಕಿಂತಲೂ ಎಷ್ಟೋ ಕೆಳಗೆ. ಪದ್ಮಿನಿ ಲೆಕ್ಕ ತಪ್ಪೆಂದಿರಲಿಲ್ಲ. ಅವಳ ಸಂಶೋಧನೆ ಹೌರಾದ ಹಳೆಯ ಸೆಣಬಿನ ಗಿರಣಿಗಳ ಮುಷ್ಕರಗಳ ಮೇಲೆ. ಮಗ್ಗ ಓಡಿದ ದಿನಗಳ ದಾಖಲೆ ಎಲ್ಲೆಲ್ಲೂ ಸಿಗುತ್ತದೆ, ನಿಂತ ದಿನಗಳನ್ನು ಅವಳೇ ಹುಡುಕಿಕೊಳ್ಳಬೇಕು. ಧ್ರುವ ಎಣಿಸಿದ್ದು ಹಾರಿದ ಗುಂಡುಗಳನ್ನು ಮಾತ್ರ ಎಂದಿದ್ದಳು ಅವಳು. ಕಾವಿಗೆ ಹೆದರಿ ಎಷ್ಟು ಗುಂಡು ಹಾರಲಿಲ್ಲ ಎನ್ನುವುದು ಯಾವ ಲೆಕ್ಕದಲ್ಲಿದೆ?

"ಹಾರಿಸದೇ ಇರೋ ಗುಂಡನ್ನ ಹೇಗೆ ಎಣಿಸ್ತೀಯ?" ಧ್ರುವ ನಕ್ಕಿದ್ದ. "ಮದುವೆಗೆ ಬರದೇ ಇದ್ದೋರ ಊಟ ಎಣಿಸಿದ ಹಾಗಾಯ್ತು."

"ಅಡುಗೆಯವ್ರನ್ನ ಕೇಳು. ಅವ್ರಿಗೆ ಮೊದ್ಲು ಬೇಕಾಗೋದೇ ಆ ಲೆಕ್ಕ."

ಮನೆಗೆ ಒಂದು ದೋಷವಿತ್ತು. ಹಿಂಬದಿಯ ಗೋಡೆಯಾಚೆಗೇ ಲೋಕಲ್ ರೈಲಿನ ಹಳಿ. ರೈಲು ಬಂದಾಗ ಮೇಜು ನಡುಗುತ್ತಿತ್ತು, ಯಂತ್ರಗಳು ಸರಿಯುತ್ತಿದ್ದವು. ಒಂದು ಸಲ ಅಂಚಿನ ಮೇಲೆ ನಿಂತಿದ್ದ ದಾಳವೊಂದು ಸೀಲ್ದಾ ಲೋಕಲ್ ಬಂದದ್ದೇ ಮಗುಚಿ, ಆಟದ ಸೋಲುಗೆಲುವನ್ನೇ ಬದಲಿಸಿ, ಗಂಡ ಹೆಂಡತಿಯ ನಡುವಿನ ಮಾತನ್ನು ಒಂದು ವಾರ ನಿಲ್ಲಿಸಿತ್ತು. ಅಂದಿನಿಂದ ಜಯತೀರ್ಥರೇ ಒಂದು ನಿಯಮ ತಂದರು. ರೈಲು ಬಂದರೆ ಎಲ್ಲರ ಕೈಯೂ ಮೇಜಿನಿಂದ ಮೇಲೇಳಬೇಕು. ರೈಲು ಹೋಗುವಾಗ ಬಿದ್ದ ದಾಳ ರದ್ದು, ಅದಕ್ಕೂ ಮುಂಚಿನ ಘೋಷಣೆಯೂ ರದ್ದು. ಆಟಗಾರ ಹೊಸದಾಗಿ ಹೇಳಬೇಕು. ಯಾರು ಬೇಕಾದರೂ "ರೈಲು" ಎನ್ನಬಹುದು. ಈ ನಿಯಮವನ್ನು ಯಾರೂ ಒಮ್ಮೆಯೂ ಮುರಿದಿರಲಿಲ್ಲ.

ಕಿಟಕಿಯ ಕೆಳಗೆ ಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದರು. ಸುತ್ತಿಗೆಯ ಸದ್ದು ಸಮವಾಗಿರಲಿಲ್ಲ. ಹಾಳೆ ಹಾರುತ್ತದೆಂದು ಫ್ಯಾನ್ ಆರಿಸಿದ್ದರಿಂದ ಎಲ್ಲರ ಕತ್ತಿನಲ್ಲೂ ಬೆವರು.

ಧ್ರುವನ ಯಂತ್ರ ಕಬ್ಬಿಣದ ತೊಲೆ ಜೋಡಿಸಿದ ಹಾಗಿತ್ತು. ಸೇತುವೆಯ ನೆನಪಿಗೆ ಅದಕ್ಕೆ ಹೌರಾ ಎಂದು ಹೆಸರಿಟ್ಟಿದ್ದರು. ಪದ್ಮಿನಿಯದು ಕುಳ್ಳಗೆ, ಚುರುಕಾಗಿ, ಗಲ್ಲಿಗಳ ಬ್ಯಾಟರಿ ರಿಕ್ಷಾದ ಹಾಗೆ ಸಂದಿಗೊಂದಿಯಲ್ಲಿ ನುಗ್ಗುವಂಥದು. ಆ ರಿಕ್ಷಾಗಳಿಗೆ ಇಲ್ಲಿರುವ ಹೆಸರೇ ಅದಕ್ಕೂ, ಟೋಟೋ. ಮೊದಲ ಸುತ್ತುಗಳಲ್ಲಿ ಟೋಟೋ ಚೆನ್ನಾಗಿ ಒದೆ ತಿಂದಿತು. ಹೌರಾದ ಹತ್ತಿರಕ್ಕೆ ಬರುವಷ್ಟರಲ್ಲಿ ಅದರ ಎದೆಯ ಕವಚ ಹರಿದುಹೋಗಿತ್ತು. ಇನ್ನೊಂದು ದೊಡ್ಡ ಗುಂಡು ಬಿದ್ದರೆ ಕತೆ ಮುಗಿಯುತ್ತಿತ್ತು. ಜಯತೀರ್ಥರು ಮಂಡಕ್ಕಿಯ ಬಟ್ಟಲು ಕೈಗೆತ್ತಿಕೊಂಡು, ಆಗಲೇ ಮುಗಿದ ಆಟ ನೋಡುವವರ ಹಾಗೆ ಕುರ್ಚಿಗೆ ಒರಗಿದರು.

ಆಮೇಲೆ ಪದ್ಮಿನಿ ಎರಡೂ ಕೊಳವೆಗಳನ್ನು ಹಚ್ಚಿದಳು. ಧ್ರುವನ ಕೆಂಪು ಮಣಿ ನಾಲ್ಕು ಮನೆ ಮೇಲೇರಿ ಗೆರೆಯ ಕೆಳಗೆ ನಿಂತಿತು.

ಧ್ರುವನ ಸರದಿ. ಅಷ್ಟು ಹತ್ತಿರದಿಂದ ಗುರಿ ತಪ್ಪುವ ಮಾತೇ ಇರಲಿಲ್ಲ. ದೊಡ್ಡ ತೋಪು ಎಂದರೆ ಸಾಕಿತ್ತು. ಆದರೆ ಮಣಿ ಗೆರೆ ದಾಟುತ್ತಿತ್ತು, ಕಾವಿನ ದಾಳದಲ್ಲಿ ಆರು ಅಥವಾ ಹೆಚ್ಚು ಬೀಳಬೇಕಿತ್ತು. ಅವನು ದಾಳ ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಉಜ್ಜಿ, ಕೆಳಗಿಟ್ಟ. ಸಣ್ಣ ತೋಪು ಸಾಕು ಎಂದ. ಅದಕ್ಕೆ ಕಾವಿನ ದಾಳ ಬೇಕಿರಲಿಲ್ಲ. ಸಣ್ಣ ಗುಂಡು ಟೋಟೋದ ಮೊಣಕಾಲನ್ನು ಕೆರೆದು ಹೋಯಿತು.

ಮುಂದಿನ ಸುತ್ತಿನಲ್ಲಿ ಟೋಟೋ ಪಕ್ಕಕ್ಕೆ ಸರಿಯಿತು, ಮತ್ತೆ ಬೆಂಕಿ. ಧ್ರುವ ಮತ್ತೆ ಸಣ್ಣ ತೋಪು ಎಂದ. ಅದರ ಮುಂದಿನದರಲ್ಲಿ ಏನನ್ನೂ ಹಾರಿಸದೆ ತಣ್ಣಗಾಗಲು ನಿಂತ. ಅಷ್ಟರಲ್ಲಿ ಟೋಟೋ ಹಿಂದಕ್ಕೆ ಬಂದು, ತನಗಿದ್ದ ಒಂದೇ ಒಂದು ತೋಪಿನಿಂದ ಹೌರಾದ ತೆಳು ಬೆನ್ನಿಗೆ ಹೊಡೆದು, ಇನ್ನೊಂದು ಸುತ್ತಿನಲ್ಲಿ ಅದನ್ನು ಕೆಡವಿತು.

ಪದ್ಮಿನಿ ಅಂಗೈಯನ್ನು ಚೂಡಿದಾರಕ್ಕೆ ಒರೆಸಿಕೊಂಡಳು.

ಜಯತೀರ್ಥರು ಬಟ್ಟಲನ್ನು ಕೆಳಗಿಟ್ಟರು. ಎರಡೂ ಕೊಳವೆ ಸೇರಿ ಎಷ್ಟು ಪೆಟ್ಟು ಕೊಟ್ಟವು ಎಂದು ಕೇಳಿದರು. ನಾಲ್ಕು ಎಂದರು ಲೀಲಾ.

"ನಾಕು," ಎಂದರು ಜಯತೀರ್ಥ. "ಇದು ಪೈಪ್ ಗೆದ್ದದ್ದಲ್ಲ, ಇಂವ ಸೋತದ್ದು. ಏನೋ ಧ್ರುವ, ಎದುರಿಗೆ ನಿಂತದ ಅದು, ಎದಿ ಹರದದ. ಹೊಡಿಲಿಕ್ಕೆ ಏನ್ ಧಾಡಿ ನಿನಗ?"

ಧ್ರುವನ ಕಿವಿ ಕೆಂಪಾಗಿತ್ತು. ಹೊಡೀಬೇಕಿತ್ತು, ತಪ್ಪಾಯ್ತು ಎಂದ. ಯಾಕೆ ಹೊಡೆಯಲಿಲ್ಲವೋ ಗೊತ್ತಿಲ್ಲ ಎಂದೂ ಸೇರಿಸಿದ. ಮೂವತ್ತಾರರಲ್ಲಿ ಇಪ್ಪತ್ತಾರು ಸಲ ದಾಳ ಅವನ ಕಡೆಗೇ ಬೀಳುತ್ತಿತ್ತು ಎಂದು ಲೀಲಾ ಲೆಕ್ಕ ಹೇಳಿದ್ದು ಅವನನ್ನು ಇನ್ನಷ್ಟು ಕುಗ್ಗಿಸಿತು. ಪುಣೆಯಲ್ಲಿ ಆಡುವವರು ಎಳೆಯರಲ್ಲ, ಅಲ್ಲಿ ಯಾರೂ ಹೀಗೆ ಅಂಜಿ ಕೂರುವುದಿಲ್ಲ, ಆದ್ದರಿಂದ ಈ ಗೆಲುವನ್ನು ಲೆಕ್ಕಕ್ಕೆ ಹಿಡಿಯಲಾಗದು ಎಂದು ಜಯತೀರ್ಥರು ತೀರ್ಪು ಕೊಟ್ಟರು. ದನಿಯಲ್ಲಿ ಕೋಪವಿರಲಿಲ್ಲ. ಅದೇ ಪದ್ಮಿನಿಯನ್ನು ಕೆರಳಿಸಿತು. ಗಡಿಯಾರದಲ್ಲಿ ಐದು ದಾಟಿತ್ತು.

"ನೀವು ಕೂತ್ಕೊಳ್ಳಿ ಜಯದಾ," ಎಂದಳು.

"ಎಲ್ಲಿ?"

"ಧ್ರುವನ ಕುರ್ಚೀಲಿ. ಅದೇ ಸುತ್ತಿಗೆ ವಾಪಸ್ ಹೋಗೋಣ. ಲೀಲಾದಿ ಹತ್ರ ಫೋಟೋ ಇದೆ. ನೀವು ಹೊಡೀರಿ. ಟೋಟೋ ಉಳಿದ್ರೆ ಸೀಟು ನಂದು. ಬಿದ್ರೆ ಅವಂದು, ನಾನು ಮೀಸಲಾಗೂ ಬರಲ್ಲ. ಇಲ್ಲಿಗೂ ಬರಲ್ಲ."

ಲೀಲಾ ತಲೆಯೆತ್ತಿ ಅವಳನ್ನು ನೋಡಿದರು. ಪ್ರತಿ ಸುತ್ತಿಗೂ ಮೇಲಿನಿಂದ ಒಂದು ಫೋಟೋ ತೆಗೆಯುವುದು ಅವರ ಕೆಲಸವಾಗಿತ್ತು. ದಾಳ ನಿನ್ನ ವಿರುದ್ಧ ಇದೆ, ಗೊತ್ತಲ್ಲ ಎಂದು ಮೆಲ್ಲಗೆ ಕೇಳಿದರು. ಪದ್ಮಿನಿಗೆ ಗೊತ್ತಿತ್ತು. ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ಸಮಯ ಇನ್ನೂ ಇತ್ತು. ಅವಳು ತೆಗೆದುಕೊಳ್ಳಲಿಲ್ಲ.

ಫೋಟೋ ನೋಡಿ ಯಂತ್ರಗಳನ್ನಿಟ್ಟರು. ಹೌರಾ ಎದ್ದು ನಿಂತಿತು. ಎದೆ ಹರಿದ ಟೋಟೋ ಅದರ ಮೂಗಿನ ಕೆಳಗೆ. ಕೆಂಪು ಮಣಿ ಗೆರೆಯ ಕೆಳಗೆ.

ಜಯತೀರ್ಥರು ಕೂತರು. "ದೊಡ್ಡ ತೋಪು," ಎಂದರು ತಡವಿಲ್ಲದೆ, ದಾಳ ಎತ್ತಿಕೊಂಡರು.

ಉರುಳಿಸಲಿಲ್ಲ. ಮಣಿಯನ್ನು ನೋಡಿದರು. ಕೊಳವೆಯ ಕಾವು ಲೆಕ್ಕಕ್ಕೆ ಹಿಡಿದಿದ್ದೀರಾ ಎಂದು ಹೆಂಡತಿಯನ್ನು ಕೇಳಿದರು. ಹಿಡಿದಿದೆ. ಆರು ಬಿದ್ದರೂ ಸಾಕಲ್ಲವೇ, ಏಳು ಬೇಡವಲ್ಲ? ಆರು ಸಾಕು. ಜಯತೀರ್ಥರು ತಲೆಯಾಡಿಸಿದರು. ಎಡಗೈಯಿಂದ ಚಹಾದ ಲೋಟ ಎತ್ತಿ, ಕುಡಿಯದೆ, ಮತ್ತೆ ಇಟ್ಟರು.

ಕಳೆದ ವರ್ಷ ಪುಣೆಯ ಕೊನೆಯ ಸುತ್ತಿನಲ್ಲಿ ಅವರು ಇದೇ ಹೌರಾವನ್ನು ಆಡಿಸಿದ್ದರು. ಇದ್ದಬದ್ದ ತೋಪೆಲ್ಲ ಹಾರಿಸುತ್ತೇನೆಂದು ಹೇಳಿ ದಾಳ ಹಾಕಿದ್ದರು. ಎಂಜಿನ್ ಆರಿಹೋಗಿತ್ತು. ಎದುರಾಳಿ ಅವಸರವಿಲ್ಲದೆ ಹೌರಾದ ಸುತ್ತ ಬಂದು ಬೆನ್ನಿಗೆ ಹೊಡೆಯುವುದನ್ನು ಕೈಕಟ್ಟಿ ನೋಡಿದ್ದರು. ಪದ್ಮಿನಿ ಆಗ ಅವರ ಹಿಂದೆಯೇ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದಳು, ಅವರ ಹೆಗಲು ಇಳಿದದ್ದನ್ನು ಕಂಡಿದ್ದಳು. ಈ ಕೋಣೆಯಲ್ಲಿ ಯಾರೂ ಆ ಸುದ್ದಿ ಎತ್ತುತ್ತಿರಲಿಲ್ಲ. ಈಗಲೂ ಎತ್ತಲಿಲ್ಲ.

ಲೋಟದ ಚಹಾದಲ್ಲಿ ಸಣ್ಣ ಅಲೆಗಳೆದ್ದವು.

ಪದ್ಮಿನಿ ಅದನ್ನು ಮೊದಲು ಕಂಡಳು, ಆಮೇಲೆ ಸದ್ದು ಕೇಳಿಸಿತು. ಕೈಗಳೆರಡನ್ನೂ ಮೇಜಿನಿಂದ ಮೇಲೆತ್ತಿದಳು. ಧ್ರುವ ಎತ್ತಿದ. ಲೀಲಾ ಫೋನ್ ಎದೆಗೆ ಹಿಡಿದುಕೊಂಡರು. ಜಯತೀರ್ಥರ ಮುಷ್ಟಿ ಮಾತ್ರ ಹಾಳೆಯ ಮೇಲೆಯೇ ಇತ್ತು. ರೈಲು ಗೋಡೆಯ ಪಕ್ಕಕ್ಕೆ ಬಂತು, ಕಿಟಕಿಯ ಗಾಜು ಅದುರತೊಡಗಿತು, ಮತ್ತು ಅವರು ಇನ್ನು ಕಾಯಲಾರೆ ಎಂಬಂತೆ ಮುಷ್ಟಿ ಬಿಚ್ಚಿ ದಾಳ ಬಿಟ್ಟರು.

ಐದು. ನಾಲ್ಕು.

ಒಂಬತ್ತು ಬಿದ್ದಿತ್ತು. ಎಂಜಿನ್ ಉಳಿದಿತ್ತು. ಗುಂಡು ಹಾರುತ್ತಿತ್ತು, ಟೋಟೋ ಹೋಗುತ್ತಿತ್ತು. ನಿಯಮದ ಆ ಒಂದು ಪದ ಹೇಳಲು ಪದ್ಮಿನಿ ಬಾಯಿ ತೆರೆದಳು. ಸೀಟಿಗಾಗಿ ನಿಯಮದ ಹಿಂದೆ ಅಡಗಿದಳು ಎನ್ನುತ್ತಾರೆ, ಜೀವಮಾನವಿಡೀ ಎನ್ನುತ್ತಾರೆ. ತೆರೆದ ಬಾಯಿ ಹಾಗೆಯೇ ಇತ್ತು.

"ರೈಲು," ಎಂದ ಧ್ರುವ.

ಜಯತೀರ್ಥರು ಅವನತ್ತ ತಿರುಗಿದರು. ಆ ದಾಳದಲ್ಲಿ ಅವನ ಸೀಟಿತ್ತು. ಅವನು ಯಾರ ಮುಖವನ್ನೂ ನೋಡಲಿಲ್ಲ. "ರೈಲು, ಜಯದಾ. ಮತ್ತೆ ಹೇಳಿ. ನನ್ನ ಕುರ್ಚೀಲಿ ಕೂತಿದೀರ, ಸರಿಯಾಗಿ ಕೂತ್ಕೊಳ್ಳಿ."

ರೈಲು ಬೇಗ ಹೋಗಲಿಲ್ಲ. ಸಿಗ್ನಲ್ ಸಿಗದೆ ಗೋಡೆಯಾಚೆಗೆ ನಿಂತು, ಏದುಸಿರು ಬಿಟ್ಟು, ಮತ್ತೆ ಜರುಗಿತು. ಅಷ್ಟೂ ಹೊತ್ತು ಒಂಬತ್ತು ಮೇಜಿನ ಮೇಲೆ ಬಿದ್ದುಕೊಂಡಿತ್ತು, ಅದಕ್ಕೆ ಬೆಲೆಯಿರಲಿಲ್ಲ. ಕೆಳಗೆ ಬಿದಿರು ಕಟ್ಟುವವರು ಬಂಗಾಳಿಯಲ್ಲಿ ಯಾರನ್ನೋ ರೇಗಿಸುತ್ತಿದ್ದರು. ಜಯತೀರ್ಥರ ಕೈಗಳು ಈಗ ಮಡಿಲಲ್ಲಿದ್ದವು. ಅವರು ತಮ್ಮ ಕೈಯನ್ನೇ, ಅದು ಮಾಡಿದ್ದನ್ನು ಬೇರೆ ಯಾರೋ ಮಾಡಿದ ಹಾಗೆ, ನೋಡುತ್ತಿದ್ದರು.

ಮೇಜು ಸ್ತಬ್ಧವಾಯಿತು. ಲೀಲಾ ದಾಳಗಳನ್ನು ಎತ್ತಿ ಗಂಡನ ಮುಂದಿಟ್ಟರು. "ಹೇಳ್ರಿ. ಏನ್ ಹೊಡೀತೀರಿ?"

ಜಯತೀರ್ಥರು ದಾಳ ಮುಟ್ಟಲಿಲ್ಲ. ಮಣಿಯ ಮೇಲೆ ಬೆರಳಿಟ್ಟರು, ಅದು ಬಿಸಿಯಿದೆಯೇ ಎಂದು ನೋಡುವವರ ಹಾಗೆ. ತುಟಿ ಅಲುಗುತ್ತಿತ್ತು, ಲೆಕ್ಕ ನಡೆಯುತ್ತಿತ್ತು. ಲೆಕ್ಕ ಬದಲಾಗಿರಲಿಲ್ಲ. ಈಗಲೂ ಮೂವತ್ತಾರರಲ್ಲಿ ಇಪ್ಪತ್ತಾರು.

"ಸಣ್ಣ ತೋಪು," ಎಂದರು. ದೊಡ್ಡ ಗುಂಡು ಈ ಸಲವೂ ಹಾರಲಿಲ್ಲ.

ಧ್ರುವ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಎದ್ದು ಹೋಗಿ ಫ್ಯಾನಿನ ಸ್ವಿಚ್ ಒತ್ತಿದ. ಗಾಳಿಗೆ ಹಾಳೆಯ ಮೂಲೆ ಮೇಲೆದ್ದಿತು. ಪದ್ಮಿನಿ ಅದರ ಮೇಲೆ ಮಂಡಕ್ಕಿಯ ಬಟ್ಟಲನ್ನಿಟ್ಟಳು.

ಲೀಲಾ ಆಗಲೇ ಫೋನಿನಲ್ಲಿ ತಂಡದ ಹೆಸರು ತುಂಬುತ್ತಿದ್ದರು. ತಲೆಯೆತ್ತದೆ ಕೇಳಿದರು. "ಪದ್ಮಿನಿ, ನಿನ್ನ ಇನಿಶಿಯಲ್ ಮುಂದ ಹಾಕ್ಲೋ, ಹಿಂದ ಹಾಕ್ಲೋ?"

"ಹಿಂದೆ," ಎಂದಳು ಪದ್ಮಿನಿ.

"ಧ್ರುವ, ಮೀಸಲಿಗೆ ನಿಂದು ಬರೀಲಾ?"

ಅವನು ಸ್ವಿಚ್ಚಿನ ಬಳಿಯಿಂದಲೇ ಬರೀರಿ ಎಂದ. ಆಮೇಲೆ, ಆ ಪ್ಲಾಸ್ಟಿಕ್ ಕುರ್ಚಿಗೆ ಬೆನ್ನಿದೆಯೋ ಇಲ್ಲವೋ ಎಂದು ಕೇಳಿದ. ಇಲ್ಲ ಎಂದಳು ಪದ್ಮಿನಿ.

ಜಯತೀರ್ಥರು ಕುರ್ಚಿ ಬಿಟ್ಟೇಳಲಿಲ್ಲ. ಫ್ಯಾನ್ ಆರಿಸೋ ಎಂದರು. ಸಣ್ಣ ತೋಪಿನ ಗುಂಡು ಟೋಟೋದ ಕಾಲಿಗೆ ತಾಗಿತೆಂದು ಗುರುತು ಹಾಕಿದರು.

"ಆಡು," ಎಂದರು ಪದ್ಮಿನಿಗೆ. "ಹಿಂದ ಬರ್ತೀಯಲ್ಲ, ಬಾ. ನೋಡೋಣು."

ಅವಳು ಟೋಟೋವನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಸರಿಸಿದಳು.