ಗಂಟೆ ಟೀಚರ್ ಬರೆದುಕೊಟ್ಟ ಪಾಠ

ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಆಕೆ ಗಂಟೆ ಟೀಚರ್. ಗಂಟೆ ಹೊಡೆದಂಥ ದನಿಯಲ್ಲಿ ಆಕೆ ಲೆಕ್ಕ ಹೇಳಿಕೊಟ್ಟರೆ ಅಕ್ಕಪಕ್ಕದ ಎರಡು ಕೋಣೆಗೂ ಪಾಠ ಆದಂತೆಯೇ. ಇಪ್ಪತ್ತೆರಡು ವರ್ಷ ಹಾಗೆ ನಡೆಯಿತು. ಆಮೇಲೆ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಹೆಡ್‌ಮಾಸ್ಟರು ಮುಖ ನೋಡದೆಯೇ ಲೈಬ್ರರಿಯ ಬೀಗದ ಕೈ ಕೊಟ್ಟರು.

ಅಲ್ಲಿಗೆ ದಿನಕ್ಕೆ ನಾಲ್ಕು ಮಕ್ಕಳು ಬಂದರೆ ಹೆಚ್ಚು. ಬಂದವರೂ ಆಕೆಯ ಮುಂದೆ ಪಿಸುಗುಡುತ್ತಿದ್ದರು. ಮನೆಗೆ ಹೋದರೆ ಗೋಡೆ ನೋಡಿಕೊಂಡು ಊಟ. ತಂಗಿ ಫೋನು ಮಾಡಿ, ತಾನೊಬ್ಬಳೇ ಮಾತಾಡಿ, ಮಾತು ತೀರಿದಾಗ ಇಡುತ್ತಿದ್ದಳು.

ಆ ತಂಗಿಯೇ ಒಂದು ಭಾನುವಾರ ಬಂದು, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಎರಡು ಅನುಕೂಲ ತೋರಿಸಿಕೊಟ್ಟಳು: ದೂರದಲ್ಲಿರುವವರೂ ಜೊತೆಗೂಡಿ ಮಾತಾಡುತ್ತ ಬರೆದು ಅಳಿಸಬಹುದಾದ ಬೋರ್ಡು, ಟೈಪು ಮಾಡಿದ್ದನ್ನು ಓದಿ ಹೇಳುವ ಕಂಪ್ಯೂಟರ್ ದನಿ. ಟೀಚರ್ ವೃತ್ತದ ಮೇಲೆ ಆರು ಪಾಠ ಮಾಡಿ ಹಾಕಿದರು. ಆ ದನಿ ರೈಲಿನ ವೇಳೆ ಸಾರಿದಂತೆ ತ್ರಿಜ್ಯ, ಪರಿಧಿ ಎಂದಿತು. ತಿಂಗಳಲ್ಲಿ ಒಂಬತ್ತು ಸಲ ಯಾರೋ ನೋಡಿದ್ದರು. ಐದು ಸಲ ತಂಗಿಯೇ.

ಆಮೇಲೆ ಒಬ್ಬ ಬಟ್ಟೆ ಹೊಲಿಯುವಾಕೆ ಪ್ರಶ್ನೆ ಬರೆದಳು. ಇಪ್ಪತ್ತೆಂಟು ಇಂಚಿನ ಸೊಂಟಕ್ಕೆ ಪೂರ್ತಿ ಸುತ್ತಿನ ಲಂಗ ಹೊಲಿಯಬೇಕು, ನಡುವಿನ ವೃತ್ತ ಎಷ್ಟು ಕತ್ತರಿಸಲಿ, ಅಂದಾಜಿಗೆ ಕತ್ತರಿಸಿ ಎರಡು ಬಟ್ಟೆ ಕೆಡಿಸಿಕೊಂಡಿದ್ದೇನೆ ಎಂದು. ಟೀಚರ್ ಅವಳನ್ನು ಬೋರ್ಡಿಗೆ ಕರೆದರು. ಅವಳು ಮಾತಾಡಿದಳು, ಇವರು ಟೈಪು ಮಾಡಿದರು, ಕಂಪ್ಯೂಟರ್ ಓದಿತು. ತ್ರಿಜ್ಯ ನಾಲ್ಕೂವರೆ ಇಂಚಿಗೆ ಕೂದಲೆಳೆ ಕಡಿಮೆ ಬಂತು.

"ಟೀಚರ್, ತಪ್ಪು ತಿಳ್ಕೋಬೇಡಿ. ಈ ದನಿ ಕೇಳಿದ್ರೆ ನಿದ್ದೆ ಬರುತ್ತೆ. ನೀವೇ ಮಾತಾಡಬಾರದಾ?"

ಟೀಚರ್ ಕಂಪ್ಯೂಟರಿಗೆ ಓದಲು ಕೊಡದೆ ಬೋರ್ಡಿನ ಮೇಲೆಯೇ ಬರೆದರು: ನನಗೆ ದನಿ ಇಲ್ಲ.

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಅವಳು ಹೇಳಿದಳು, "ಹಾಗಾದ್ರೆ ನೀವು ಬರ್ಕೊಡಿ. ನಾನು ಓದ್ತೀನಿ."

ಟೀಚರ್ ಬರೆದುಕೊಟ್ಟ ಪಾಠವನ್ನು ಅವಳು ಓದಿ ರೆಕಾರ್ಡ್ ಮಾಡಿದಳು. ಪರಿಧಿ ಎಂಬಲ್ಲಿ ನಾಲಗೆ ತೊಡರಿತು. ನಡುನಡುವೆ ಹಲ್ಲಿನಿಂದ ದಾರ ಕಡಿದಳು. ತಿಳಿಯದ ಕಡೆ, ಇದು ಹೀಗೆ ಯಾಕೆ ಎಂದು ನಿಂತುಬಿಟ್ಟಳು. ಟೀಚರ್ ಅದನ್ನೆಲ್ಲ ತೆಗೆದುಹಾಕಲಿಲ್ಲ. ಅವಳು ನಿಂತಲ್ಲೆಲ್ಲ ಇನ್ನೊಂದು ಚಿತ್ರ ಬಿಡಿಸಿದರು. ಈ ಪಾಠಗಳನ್ನು ಜನ ಹುಡುಕಿಕೊಂಡು ಬಂದರು. ಸುದ್ದಿ ಹೆಡ್‌ಮಾಸ್ಟರ ಕಿವಿಗೂ ಬಿತ್ತು.

ಒಂದು ಬೆಳಿಗ್ಗೆ ಲೈಬ್ರರಿಯಲ್ಲಿ ಕುಳಿತಿದ್ದಾಗ, ತಮ್ಮ ಹಳೆಯ ತರಗತಿಯಿಂದ ಆ ಹೊಲಿಗೆಯಾಕೆಯ ದನಿ ಕೇಳಿಸಿತು. ಟೀಚರ್ ಎದ್ದು ಬಾಗಿಲವರೆಗೆ ಹೋದರು. ಮಕ್ಕಳು ಪರದೆ ನೋಡುತ್ತಿದ್ದರು; ಯಾರೂ ತಿರುಗಲಿಲ್ಲ. ಒಂದೊಂದು ಸಾಲಿಗೂ ಟೀಚರ ತುಟಿ ತಾನಾಗಿ ಅಲುಗಿತು. ಖುಷಿಯಾಯಿತು, ಆದರೂ ಹೊಸ್ತಿಲು ದಾಟಲಿಲ್ಲ. ಪಾಠ ಮುಗಿಯುವವರೆಗೆ ಗೋಡೆಗೆ ಒರಗಿ ನಿಂತಿದ್ದು, ಬೆಂಚು ಸರಿದ ಸದ್ದಾಗುತ್ತಲೇ ಲೈಬ್ರರಿಗೆ ನಡೆದರು.

ಸಂಜೆ ಅವಳಿಗೆ ಈ ಸುದ್ದಿ ಬರೆದರು. ತಾವು ಹೊರಗೇ ನಿಂತದ್ದನ್ನು ಬರೆಯಲಿಲ್ಲ.