ತರಗತಿಗೆ ಭಾಮೈದನನ್ನು ಕಳಿಸಿದ ಡ್ರೈವರ್

ಬಸ್ಸು ಓಡಿಸುವವರ ಮನೆಯಲ್ಲಿ ಒಂದು ತೊಂದರೆ ಇದ್ದದ್ದೇ. ರಸ್ತೆಯಲ್ಲಿ ಹತ್ತಿದ ಸಿಟ್ಟು ರಸ್ತೆಯಲ್ಲೇ ಇಳಿಯುವುದಿಲ್ಲ. ಟಿಕೆಟ್ಟಿಲ್ಲದೆ ಮನೆಯವರೆಗೂ ಬರುತ್ತದೆ.

ನಮ್ಮ ಡಿಪೋದ ಗುಡುಗಣ್ಣನ ಕಥೆಯೂ ಇದೇ. ನಾನು ಅಲ್ಲಿ ಬ್ರೇಕ್ ಸರಿಮಾಡುವ ಮೆಕ್ಯಾನಿಕ್. ಅವನ ಬಸ್ಸು ಗೇಟಿನೊಳಗೆ ಬರುವ ಮೊದಲೇ ಅವನ ಬೈಗುಳ ಬರುತ್ತಿತ್ತು, ಅದಕ್ಕೇ ಆ ಹೆಸರು. ಕೆಟ್ಟವನಲ್ಲ. ಹೊತ್ತಿಗೆ ಸರಿಯಾಗಿ ಊಟವಿಲ್ಲದೆ, ಟ್ರಿಪ್ಪಿನ ಮೇಲೆ ಟ್ರಿಪ್ಪು ಹೊಡೆದು, ನಿದ್ದೆಯಲ್ಲೂ ಹಲ್ಲು ಕಡಿಯುತ್ತಿದ್ದ ಮನುಷ್ಯ. ಅದೇ ಬಸ್ಸಿನ ಕಂಡಕ್ಟರ್ ಅವನ ಹೆಂಡತಿಯ ಸ್ವಂತ ತಮ್ಮ. ನಾವು ಡಿಪೋದವರೆಲ್ಲ ಅವನನ್ನು ‘ಭಾಮೈದ’ ಎಂದೇ ಕರೆಯುತ್ತಿದ್ದೆವು.

ಡಿಪೋದ ನರ್ಸಕ್ಕ ಒಂದು ದಿನ ‘ಸಾವಧಾನ ತರಗತಿ’ ಶುರುಮಾಡಿದರು. ಬಸ್ಸು ಹತ್ತುವ ಮೊದಲು, ಡ್ಯೂಟಿಯ ಹೊತ್ತಿನಲ್ಲೇ, ವಿಶ್ರಾಂತಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರುವುದು.

“ಏನಕ್ಕಾ ಇದು? ನಾವು ಕಣ್ಮುಚ್ಚಿ ಕೂತ್ರೆ ರಸ್ತೆ ಖಾಲಿ ಆಗುತ್ತಾ?” ಎಂದ ಗುಡುಗಣ್ಣ.

“ರಸ್ತೆ ಖಾಲಿ ಆಗಲ್ಲ ಅಣ್ಣ. ಕಣ್ಣು ಮುಚ್ಚಲೇಬೇಕು ಅಂತಾನೂ ಇಲ್ಲ. ಸುಮ್ನೆ ಕೂತು ಉಸಿರು ಒಳಗೆ ಹೋಗೋದು, ಹೊರಗೆ ಬರೋದು ಗಮನಿಸಿ. ಭುಜ ಬಿಗಿದಿದೆಯಾ, ಹಲ್ಲು ಕಚ್ಚಿಕೊಂಡಿದೀರಾ ನೋಡ್ಕೊಳ್ಳಿ. ಮನಸ್ಸು ಎಲ್ಲೋ ಓಡಿದ್ರೆ ಬೈಬೇಡಿ, ಮೆಲ್ಲಗೆ ವಾಪಸ್ ಕರ್ಕೊಂಡು ಬನ್ನಿ.”

“ಅದ್ರಿಂದೇನಾಗುತ್ತೆ?”

“ಸಿಟ್ಟು ಬರ್ತಿದೆ ಅಂತ ನಿಮಗೆ ಮೊದಲು ಗೊತ್ತಾಗುತ್ತೆ. ಈಗ ಎದುರಿಗಿರೋರಿಗೆ ಮೊದಲು ಗೊತ್ತಾಗ್ತಿದೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಗುಡುಗಣ್ಣನಿಗೆ ಮುಖಭಂಗವಾಯಿತು.

ನಮ್ಮಲ್ಲೊಂದು ರೂಢಿಯಿದೆ. ಡ್ರೈವರು, ಕಂಡಕ್ಟರು ಜೋಡಿ ಎಂದರೆ ಒಬ್ಬನೇ ಇದ್ದ ಹಾಗೆ. ಒಬ್ಬ ಹೋಗಿ “ಇಬ್ರೂ ಹಾಜರ್” ಎಂದರೆ ಸಾಕು, ಇನ್ನೊಬ್ಬ ಅಷ್ಟರಲ್ಲಿ ಟೀ ಕುಡಿದು ಬರುತ್ತಾನೆ. ಹಾಳಾದ ರೂಢಿ, ತರಗತಿಗೂ ನುಗ್ಗಿತು.

“ಲೋ ಭಾಮೈದ, ನೀನು ಹೋಗಿ ಕೂತ್ಕೊ. ನನ್ನ ಪಾಲಿನ ಉಸಿರೂ ನೀನೇ ಎಳ್ಕೊಂಡು ಬಾ.”

“ಭಾವ, ನಾನು ಉಂಡ್ರೆ ನಿಮ್ಮ ಹೊಟ್ಟೆ ತುಂಬುತ್ತಾ?”

“ತಲೆ ತಿನ್ಬೇಡ, ಹೋಗು.”

ಭಾಮೈದ ದಿನವೂ ಹೋದ. ಚಿಲ್ಲರೆಗಾಗಿ ಜಗಳ ತೆಗೆಯುವುದನ್ನು ಮೆಲ್ಲಗೆ ಬಿಟ್ಟ. ರಾತ್ರಿ ಕಣ್ತುಂಬ ನಿದ್ದೆ ಬರುತ್ತಿದೆ ಎಂದು ಅಕ್ಕನಿಗೆ ಹೇಳಿದ. ಅವಳು ಊಟಕ್ಕೆ ಬಡಿಸುತ್ತಾ ಗಂಡನಿಗೆ ಹೇಳಿದಳು:

“ರೀ, ನೀವೂ ಒಂದಿನ ಹೋಗಿ ನೋಡಬಾರ್ದಾ?”

“ಅಕ್ಕ ತಮ್ಮ ಸೇರ್ಕೊಂಡು ನನ್ನ ಸನ್ಯಾಸಿ ಮಾಡ್ತೀರಾ?” ಎಂದು ಅವನು ತಟ್ಟೆ ಸರಿಸಿ ಎದ್ದುಬಿಟ್ಟ. ಒಂದೇ ಒಂದು ದಿನ ಹೋಗಿದ್ದರೂ ಸಾಕಿತ್ತೇನೋ.

ಅದಾದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ ಬಸ್ಸು ಕಿಕ್ಕಿರಿದಿತ್ತು. ಹಿಂದಿನ ಟ್ರಿಪ್ಪೇ ತಡವಾಗಿತ್ತು. ಒಂದು ಕಾರು ಅಡ್ಡ ನುಗ್ಗಿ ಮುಂದೆ ಹೋಯಿತು. ಹೋಗಲಿ ಎಂದು ಬಿಟ್ಟಿದ್ದರೆ ಮುಗಿದಿತ್ತು. ಗುಡುಗಣ್ಣ ಅದರ ಬೆನ್ನು ಹತ್ತಿದ. ಬುದ್ಧಿ ಕಲಿಸುತ್ತೇನೆಂದು ಅದನ್ನು ದಾಟಿ, ಅದರ ಮುಂದೆಯೇ ಬಸ್ಸನ್ನು ಗಕ್ಕನೆ ನಿಲ್ಲಿಸಿದ. ಕಾರಿನವನಿಗೆ ಏನೂ ಆಗಲಿಲ್ಲ. ಬಸ್ಸಿನ ನಡುವೆ ನಿಂತು ಒಬ್ಬ ಅಜ್ಜಿಗೆ ಟಿಕೆಟ್ ಕೊಡುತ್ತಿದ್ದ ಭಾಮೈದ ಅವಳನ್ನು ಹಿಡಿಯಲು ಹೋಗಿ ಕಬ್ಬಿಣದ ಕಂಬಕ್ಕೆ ಬಡಿದ. ಅಜ್ಜಿ ಉಳಿದಳು. ಅವನ ಬಲಗೈ ಭುಜದ ಹತ್ತಿರ ಮುರಿಯಿತು.

ಬ್ರೇಕ್ ಪರೀಕ್ಷೆಗೆಂದು ಬಸ್ಸನ್ನು ನನ್ನ ಬಳಿ ತಂದರು. ಬ್ರೇಕಿನಲ್ಲಿ ಒಂದು ದೋಷವೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಮೂಳೆ ಕೂಡಿತು, ಆದರೆ ಕೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಮೇಲಿನ ಸರಳು ಹಿಡಿಯಲಾಗದವನು ಓಡುವ ಬಸ್ಸಿನಲ್ಲಿ ನಿಲ್ಲುವುದು ಹೇಗೆ? ಜನ ಬಿಟ್ಟುಹೋದ ಛತ್ರಿ, ಚೀಲಗಳನ್ನು ಕಾಯುವ ಕೋಣೆಯಲ್ಲಿ ಅವನನ್ನು ಕೂರಿಸಿದರು. ಜನರ ನಡುವೆ ಹಾಡಿಕೊಂಡು ಓಡಾಡುತ್ತಿದ್ದ ಹುಡುಗ ಅವನು.

ಗುಡುಗಣ್ಣನನ್ನು ಕೆಲಕಾಲ ಬಸ್ಸಿನಿಂದ ಇಳಿಸಿದರು. ಮನೆಯಲ್ಲಿ ಹೆಂಡತಿ ಜಗಳವಾಡಲಿಲ್ಲ. “ನನ್ನ ತಮ್ಮನ ಕೈ ನೋಡಿ ಬಂದ ದಿನ ನಿಮ್ಮ ಮುಖ ನೋಡಕ್ಕಾಗಲ್ಲ ರೀ” ಎಂದಳು, ಅಷ್ಟೇ. ಮರುದಿನ ಅವನು ತಾನಾಗಿ ನರ್ಸಕ್ಕನ ಬಾಗಿಲಿಗೆ ಬಂದ.

“ಅಕ್ಕಾ, ಈಗ ಬಂದು ಏನು ಪ್ರಯೋಜನ?”

“ಆ ಕೈಗೆ ಪ್ರಯೋಜನ ಇಲ್ಲ ಅಣ್ಣ, ಸುಳ್ಳು ಹೇಳಲ್ಲ. ಇದು ಮಂತ್ರಾನೂ ಅಲ್ಲ. ನಿದ್ದೆ ಬರದೇ ಇದ್ರೆ, ಮನಸ್ಸು ತೀರಾ ಕುಗ್ಗಿದ್ರೆ ಡಾಕ್ಟರ ಹತ್ರ ಹೋಗ್ಲೇಬೇಕು. ಟ್ರಿಪ್ಪಿಗೆ ಕೊಟ್ಟ ಹೊತ್ತು ಸಾಲದಿದ್ರೆ ಅದನ್ನ ಮ್ಯಾನೇಜರೇ ಸರಿ ಮಾಡ್ಬೇಕು, ಅವರ ಹತ್ರ ನಾನು ಮಾತಾಡ್ತೀನಿ. ಕೂರೋದು ಮಾತ್ರ ನೀವೇ ಕೂರ್ಬೇಕು.”

ಕೂತ. ಮೊದಮೊದಲು ಅಳುತ್ತಿದ್ದ. ಮ್ಯಾನೇಜರು ಟ್ರಿಪ್ಪುಗಳ ನಡುವೆ ಬಿಡುವು ಕೊಟ್ಟರು. ಗುಡುಗಣ್ಣ ಮತ್ತೆ ಬಸ್ಸು ಹತ್ತಿದ ಮೇಲೆ, ಯಾರಾದರೂ ಅಡ್ಡ ಬಂದರೆ ಸ್ಟೇರಿಂಗಿನ ಮೇಲೆ ಬಿಗಿಯುವ ಬೆರಳು ಅವನಿಗೇ ಕಾಣತೊಡಗಿತು. ಬೆರಳು ಸಡಿಲಿಸಿ, ಒಂದು ಉಸಿರು ಬಿಟ್ಟು, ದಾರಿ ಕೊಡುವುದನ್ನು ಕಲಿತ. ಈಗ ಮನೆಯಲ್ಲಿ ಹೆಂಡತಿಯೂ ಬೆಳಗ್ಗೆ ಅವನ ಪಕ್ಕ ಸ್ವಲ್ಪ ಹೊತ್ತು ಕೂರುತ್ತಾಳೆ.

ಒಂದು ಸಂಜೆ ಅವನು ಛತ್ರಿ ಕೋಣೆಗೆ ಹೋದ. “ಕ್ಷಮಿಸು ಅನ್ನೋಕೂ ಬಾಯಿ ಬರ್ತಿಲ್ಲ ಕಣೋ.”

ಭಾಮೈದ ಎಡಗೈಯಲ್ಲಿದ್ದ ಛತ್ರಿಯನ್ನು ಪಕ್ಕಕ್ಕಿಟ್ಟ. “ನನಗಿನ್ನೂ ಸಿಟ್ಟಿದೆ ಭಾವ, ಇಲ್ಲ ಅನ್ನಲ್ಲ. ಆದ್ರೆ ನೀವೀಗ ನಗ್ತಾ ಮನೆಗೆ ಬರ್ತಿದೀರಂತೆ, ಅಕ್ಕ ಹೇಳಿದ್ಲು. ಅದನ್ನ ಬಿಡ್ಬೇಡಿ.”

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆಲಸದ ಜಾಗದಲ್ಲಿ ಇಂಥ ತರಗತಿ ಇದ್ದರೆ ಒಂದು ಸಲ ಹೋಗಿ ಕೂತು ನೋಡಿ. ಇಲ್ಲವೆಂದರೆ ಬೇಕೆಂದು ಕೇಳಿ. ಮೇಲಿನವರೇ, ಅದಕ್ಕೆ ಕೆಲಸಗಾರರ ಊಟದ ಹೊತ್ತು ಕದಿಯಬೇಡಿ, ಕೆಲಸದ ಹೊತ್ತಿನಲ್ಲೇ ಬಿಡುವು ಕೊಡಿ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಆ ಗಾದೆಯಲ್ಲಿ ಹೋಗುವುದು ಸಿಟ್ಟಾದವನದೇ ಮೂಗು. ಕೆಲಸದ ಜಾಗದಲ್ಲಿ ಹೋಗುವುದು ಹೆಚ್ಚಾಗಿ ಪಕ್ಕದಲ್ಲಿ ನಿಂತವನದು. ಅವನ ಮುಖ ನೋಡಿಯಾದರೂ ಇವತ್ತೇ ಹೋಗಿ ಕುಳಿತುಕೊಳ್ಳಿ.