ಕಬ್ಬಿನ ಪಾಳಿಯ ಹಿಂದಿನ ಮಳಿಗೆ

ಶಿರಗುಪ್ಪಿಯಲ್ಲಿ ಅಂದು ಬೆಳಗಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರು ಬರುವವರನ್ನು ಕೆಮ್ಮಿನಿಂದಲೇ ಗುರುತಿಸಬೇಕಾಗಿತ್ತು. ಸುಗಂಧಾ ತನ್ನ ಗಂಡ ಭಾವುಸಾಹೇಬರ ಹಿಂದೆ ಕಾರ್ಖಾನೆ ರಸ್ತೆಯಲ್ಲಿ ನಡೆದಿದ್ದಳು. ಜೊತೆಗೆ ಸ್ವಸಹಾಯ ಸಂಘದ ಗೌರಾಬಾಯಿ ಇದ್ದಳು.

ಸುಗಂಧಾ ಮಾಡುವ ಭಡಂಗ, ಅಂದರೆ ಖಾರ ಚುರುಮುರಿ, ಊರಿಗೆಲ್ಲ ಇಷ್ಟ. ಅದರ ಅಂಗಡಿ ಇಡಲು ಸಂಘದಿಂದ ಸಾಲ ಪಡೆದಿದ್ದಳು. ಅಂಗಡಿ ನಡೆಯದಿದ್ದರೆ ಕಂತು ಕಟ್ಟಲು ಅವಳ ಎಮ್ಮೆ ಮಾರಬೇಕು. ಇವತ್ತು ಊರಿನ ಮಾಯಪ್ಪನಿಗೆ ಮುಂಗಡ ಕೊಟ್ಟು, ಇದೇ ರಸ್ತೆಯಲ್ಲಿದ್ದ ಅವನ ಮಳಿಗೆಯನ್ನು ಬಾಡಿಗೆಗೆ ಹಿಡಿಯುವುದಿತ್ತು.

“ಬಾಡಿಗಿ ಭಾಳ ಆತ್ರಿ,” ಎಂದಳು ಸುಗಂಧಾ.

“ಮೇನ್ ರೋಡ ಐತಿ. ಮಿರಜಕ್ಕ ಹೋಗಾವ್ರಿಗೆಲ್ಲಾ ಕಾಣ್ತೈತಿ. ಮಳಿಗಾಲದಾಗ ನಾ ಖುದ್ದ ಎದರ ನಿಂತ ನೋಡೇನಿ,” ಎಂದರು ಭಾವುಸಾಹೇಬರು.

“ಈಗ ಮಳಿಗಾಲ ಅಲ್ರಿ, ಅಣ್ಣಾರ,” ಎಂದಳು ಗೌರಾಬಾಯಿ. “ಹಾಲಿನ ಡೇರಿ ಮಗ್ಗಲದ ಖೋಲಿ ಅರ್ಧಾ ಬಾಡಿಗಿಗೆ ಸಿಗತೈತಿ.”

“ಆ ಓಣ್ಯಾಗ ಯಾರಿಗಿ ಕಾಣ್ತೈತ್ರಿ, ಅಕ್ಕಾರ? ಎಮ್ಮಿಗೊಳಿಗಿ?”

“ಎಮ್ಮಿ ತಾನ ಬಂದು ಡೇರಿಗಿ ಹಾಲ ಹಾಕೂದಿಲ್ರಿ. ಮಂದಿನ ತರಬೇಕು.”

“ಮಂಜ ಸರೀಲಿ, ನೋಡೀರಂತ,” ಎಂದು ಭಾವುಸಾಹೇಬರು ರಸ್ತೆಯ ಈಚೆ ನಿಂತು ಮಳಿಗೆಯ ಕಡೆ ಕೈ ಚಾಚಿದರು.

ಬಿಸಿಲು ಬಿತ್ತು. ಮಂಜು ಸರಿಯಿತು. ಚಾಚಿದ ಕೈಯ ತುದಿಗೆ ಕಂಡದ್ದು ಕಬ್ಬು. ಸಕ್ಕರೆ ಕಾರ್ಖಾನೆಗೆ ಪಾಳಿ ಹಚ್ಚಿದ, ಕಬ್ಬು ಹೇರಿದ ಟ್ರ್ಯಾಕ್ಟರುಗಳು ಬಾಲಕ್ಕೆ ಮೂತಿ ಹಚ್ಚಿ ಸಾಲಾಗಿ ನಿಂತಿದ್ದವು. ಅವುಗಳ ಹಿಂದೆ ಮಳಿಗೆ ಇದೆ ಎಂದು ನಂಬಬೇಕಿತ್ತು, ಅಷ್ಟೆ. ಸರಿಯಾಗಿ ಅದರ ಬಾಗಿಲಿಗೆ ಅಡ್ಡ ನಿಂತ ಟ್ರ್ಯಾಕ್ಟರಿನ ಮೇಲಿಂದ ಕಂಬಳಿ ಹೊದ್ದವನೊಬ್ಬ ಕೈ ಮುಗಿದ. ಭಾವುಸಾಹೇಬರದೇ ಗಾಡಿ, ಅವರದೇ ಡ್ರೈವರ್ ಧೂಳಪ್ಪ.

“ಧೂಳಪ್ಪಾ, ಮುಂದ ತಗೋಳೋ. ಅಂಗಡಿ ಕಾಣವಲ್ದು.”

“ಪಾಳಿ ಬಿಟ್ಟ ಗೇಣ ಸರದ್ರ ಕೆಲಸದಿಂದ ತಗೀತೀನಿ ಅಂತ ನೀವ ಹೇಳೀರಲ್ರಿ, ಮಾಲಕ್ರ.”

“ಎಷ್ಟೊತ್ತ ನಿಂದರತಿ?”

“ನಾ ಹ್ವಾದ್ರ ಹಿಂದಿನಾಂವ ಬರ್ತಾನ್ರಿ. ಹಂಗಾಮ ಮುಗದ ಕಾರ್ಖಾನಿ ಬಂದ್ ಆಗೂತನಕ ಹಿಂಗ.”

ಭಾವುಸಾಹೇಬರು ಅಷ್ಟಕ್ಕೇ ಸೋಲಲಿಲ್ಲ. “ಹಂಗಾರ ಡ್ರೈವರ್ ಮಂದಿನ ಗಿರಾಕಿ ಆದ್ರು. ನೀ ಭಡಂಗ ತಗೋತಿಲ್ಲೋ?”

“ವೈನಿಯಾರು ಬುತ್ತ್ಯಾಗ ಕಟ್ಟಿ ಕೊಟ್ಟಾರಲ್ರಿ,” ಎಂದು ಧೂಳಪ್ಪ ಸುಗಂಧಾಳ ಕಡೆ ನೋಡುತ್ತ ಗಂಟು ಎತ್ತಿ ತೋರಿಸಿದ.

ಗೌರಾಬಾಯಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಇಬ್ಬರನ್ನೂ ಡೇರಿಗೆ ಕರೆದೊಯ್ದಳು. ಅಲ್ಲಿ ಜನ ಹಾಲಿನ ಕ್ಯಾನ್ ಹಿಡಿದು ನಿಂತಿದ್ದರು. ಅಳತೆ ಆಗುವವರೆಗೆ ಅವರಿಗೆ ಬೇರೆ ಕೆಲಸವಿರಲಿಲ್ಲ, ಮಾತಾಡುವುದೊಂದೇ.

“ಇಲ್ಲೇ ಇಡ ಬೇ ಸುಗಂಧಾ,” ಎಂದಳು ಪಾಳಿಯಲ್ಲಿದ್ದ ಲಕ್ಷ್ಮಿಬಾಯಿ. “ನಿಂತ ನಿಂತ ಬಾಯಿ ಸುಮ್ನ ಕುಂದ್ರೂದಿಲ್ಲ.”

“ನೋಡ್ರಿ ಅಣ್ಣಾರ,” ಎಂದಳು ಗೌರಾಬಾಯಿ. “ಓಡೋ ಗಾಡಿಗಿ ಕಂಡ್ರ ಏನ ಬಂತು? ನಿಂತ ಮಂದಿಗಿ ಕಾಣಬೇಕು. ಮಂದಿ ನಿಂತ್ರ ತುಟ್ಟಿ ಜಾಗಾನೂ ಅಗ್ಗ, ನಿಲ್ಲದಿದ್ರ ಪುಕ್ಕಟೆ ಸಿಕ್ಕದ್ದೂ ತುಟ್ಟಿ.”

ಭಾವುಸಾಹೇಬರು ಪಾಳಿ ಕರಗುವವರೆಗೂ ನಿಂತು ನೋಡಿದರು. “ಖೋಲಿ ಕಸಾ ನಾನ ಹೊಡಿತೀನಿ,” ಎಂದರು ಕೊನೆಗೆ.

ಈ ಕತೆ ಕೇಳುತ್ತಿರುವ ತಾಯಂದಿರೇ, ಅಣ್ಣಂದಿರೇ, ಹಸಿವನ್ನು ದೇವರು ಎಲ್ಲರಿಗೂ ಕೊಟ್ಟಿದ್ದಾನೆ. ಅದು ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ನಡೆದು ಬರುತ್ತದೆಂದು ನಾವೇ ನೋಡಿಕೊಳ್ಳಬೇಕು. ಜಾಗ ಹಿಡಿಯುವ ಮೊದಲು ಅಲ್ಲಿ ಬೆಳಗ್ಗೆ ನಿಲ್ಲಿ, ಸಂಜೆಯೂ ನಿಲ್ಲಿ. ಹಂಗಾಮು ಬದಲಾದರೆ ಏನಾಗುತ್ತದೆಂದು ಅಕ್ಕಪಕ್ಕದವರನ್ನು ಕೇಳಿ. ಬಾಡಿಗೆಯನ್ನು ದಿನದ ಗಳಿಕೆಯೊಂದಿಗೆ ತೂಗಿ ನೋಡಿ. ತಪ್ಪಿದ್ದೇವೆ ಅನಿಸಿದರೆ, ಮುಂಗಡ ಕೊಡುವ ಮೊದಲೇ ಹಿಂದೆ ಸರಿಯಿರಿ. ಅದರಲ್ಲಿ ನಾಚಿಕೆ ಇಲ್ಲ.

ಭಾವುಸಾಹೇಬರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ನೇರ ಮಾಯಪ್ಪನ ಮನೆಗೆ ಹೋದರು. ಒಳಗೆ ನೋಡಿ ಬರಲೆಂದು ಅವನು ನಂಬಿ ಕೊಟ್ಟಿದ್ದ ಮಳಿಗೆಯ ಕೀಲಿಯನ್ನು ಕಿಸೆಯಿಂದ ತೆಗೆದು ಅವನ ಅಂಗೈಯಲ್ಲಿಟ್ಟರು.